ವಿದ್ಯುತ್ತಿನ ಲೆಕ್ಕವೂ ಗೃಹಸ್ಥನ ಹೊಣೆಯೂ

(ಪೀಣ್ಯದಲ್ಲಿ ಉಪಾಧ್ಯಾಯರೂ ಕಾರ್ಖಾನೆಗಳ ಕೆಲಸಗಾರರೂ ನೆರೆದಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಸಭೆಗಳಲ್ಲಿ ದೊಡ್ಡ ದೊಡ್ಡ ವಿಷಯಗಳನ್ನೆತ್ತಿಕೊಂಡು ಮಾತನಾಡುವುದು ವಾಡಿಕೆ. ನಾವು ಈ ದಿನ ತಮ್ಮೆದುರಿಗೆ ಇಡಬೇಕೆಂದಿರುವುದಾದರೋ ಒಂದು ಗುಣಾಕಾರವನ್ನೂ ಒಂದು ಭಾಗಾಕಾರವನ್ನೂ ಮಾತ್ರ. ಇಷ್ಟಕ್ಕಾಗಿ ಒಂದು ಸಭೆಯೇ ಎಂದು ಯಾರಾದರೂ ಕೇಳಿಯಾರು. ಈ ಪೀಣ್ಯದ ಯಾವುದಾದರೊಂದು ಬೀದಿಯಲ್ಲಿ ನಡೆದು ಹೋದರೆ ಅದಕ್ಕೆ ಉತ್ತರವು ತಾನಾಗಿಯೇ ದೊರೆಯುವುದು. ಇಲ್ಲಿಯ ಒಂದೊಂದು ಷೆಡ್ಡಿನಲ್ಲಿಯೂ ಮೋಟಾರು ತಿರುಗುತ್ತಿದೆ. ಅದನ್ನು ನಡೆಯಿಸುವ ಕೈಗಳು ರಾಯಚೂರಿನಿಂದ, ಕಲಬುರಗಿಯಿಂದ, ಹಾಸನದಿಂದ, ತುಮಕೂರಿನಿಂದ ಬಂದವು. ಆ ಕೈಗಳವರು ರಾತ್ರಿ ಮಲಗುವ ಸಣ್ಣ ಬಾಡಿಗೆ ಕೋಣೆಗಳಲ್ಲಿ ಒಂದೇ ಒಂದು ಗೋಡೆಯ ಸಾಕೆಟ್ಟಿಗೆ ಒಂದು ಎಕ್ಸ್‌ಟೆನ್ಷನ್ ಬೋರ್ಡು, ಆ ಬೋರ್ಡಿಗೆ ಅಡಿಗೆಯ ಒಲೆ, ನೀರು ಕಾಯಿಸುವ ಕಾಯಿಲು, ಫ್ಯಾನು, ದೂರವಾಣಿಯ ಚಾರ್ಜರು, ಎಲ್ಲವೂ ನೇತುಬಿದ್ದಿರುತ್ತವೆ. ಆ ಬೋರ್ಡಿನ ತಂತಿಯು ಎಷ್ಟನ್ನು ಹೊತ್ತೀತು ಎಂಬ ಲೆಕ್ಕ ಗೊತ್ತಿಲ್ಲದೆ ಅದರ ಪಕ್ಕದಲ್ಲಿ ಮಲಗುವುದೆಂದರೆ ಮಡಿಲಲ್ಲಿ ಕೆಂಡವನ್ನು ಕಟ್ಟಿಕೊಂಡು ನಿದ್ರಿಸಿದಂತೆಯೇ ಸರಿ. ಆದಕಾರಣ ಈ ಲೆಕ್ಕವು ಇಂಜಿನಿಯರುಗಳ ಸೊತ್ತೆಂದು ಕೈಬಿಡತಕ್ಕದ್ದಲ್ಲ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಬಲ್ಲ ಪ್ರತಿಯೊಬ್ಬ ಗೃಹಸ್ಥನಿಗೂ ಗೃಹಿಣಿಗೂ ಇದು ಸಲ್ಲಬೇಕು. ನಮ್ಮ ಭಾಷಣದ ತಾತ್ಪರ್ಯವೆಲ್ಲ ಇಷ್ಟೇ.

ಮೊದಲು ನಾಲ್ಕು ಹೆಸರುಗಳ ಪರಿಚಯ ಮಾಡಿಕೊಳ್ಳೋಣ. ಕಾವೇರಿಯು ಶಿವನಸಮುದ್ರದಲ್ಲಿ ಧುಮುಕುವುದನ್ನು ತಮ್ಮಲ್ಲಿ ಅನೇಕರು ಕಂಡಿರುವಿರಿ. ಬೀಳುವ ನೀರಿನ ಬಲವು ಎರಡು ಸಂಗತಿಗಳನ್ನು ಅವಲಂಬಿಸಿದೆ: ಎಷ್ಟು ಎತ್ತರದಿಂದ ಬೀಳುತ್ತದೆ, ಕ್ಷಣವೊಂದಕ್ಕೆ ಎಷ್ಟು ನೀರು ಬೀಳುತ್ತದೆ. ವಿದ್ಯುತ್ತಿನಲ್ಲಿ ಆ ಎತ್ತರಕ್ಕೆ ಸಮಾನವಾದುದು ವಿಭವಾಂತರ; ಅದನ್ನು ವೋಲ್ಟುಗಳಲ್ಲಿ ಅಳೆಯುತ್ತೇವೆ. ಹರಿಯುವ ನೀರಿನ ಪ್ರಮಾಣಕ್ಕೆ ಸಮಾನವಾದುದು ಪ್ರವಾಹ. ಅದರ ಅಳತೆ ಆಂಪಿಯರು. ಕಾಲುವೆಯು ಕಿರಿದಾದಷ್ಟೂ ಉದ್ದವಾದಷ್ಟೂ ನೀರಿಗೆ ತಡೆಯುಂಟಾಗುವಂತೆ, ತಂತಿಯು ತೆಳ್ಳಗಾದಷ್ಟೂ ಉದ್ದವಾದಷ್ಟೂ ಪ್ರವಾಹಕ್ಕೆ ಒದಗುವ ತಡೆಯೇ ರೋಧ. ಅದನ್ನು ಓಮುಗಳಲ್ಲಿ ಹೇಳುತ್ತೇವೆ. ಇವೆಲ್ಲದರ ಫಲವಾಗಿ ಸೆಕೆಂಡಿಗೆ ಎಷ್ಟು ಕೆಲಸ ನಡೆಯುತ್ತದೆಯೋ ಅದು ಸಾಮರ್ಥ್ಯ. ಅದರ ಅಳತೆ ವ್ಯಾಟು.

ಇವುಗಳಲ್ಲಿ ಮೊದಲ ಮೂರರ ಸಂಬಂಧವನ್ನು ಬಿಡಿಸಿ ತೋರಿಸಿದವನು ಒಬ್ಬ ಶಾಲಾ ಉಪಾಧ್ಯಾಯನೆಂಬುದನ್ನು ಇಲ್ಲಿರುವ ಉಪಾಧ್ಯಾಯರು ಅಭಿಮಾನದಿಂದ ನೆನೆಯಬಹುದು. ಜರ್ಮನಿಯ ಜಾರ್ಜ್ ಸೈಮನ್ ಓಮನು ಬೀಗಗಳನ್ನು ಮಾಡುವ ಕಸುಬಿನವನ ಮಗ. ಕೊಲೋನ್ ನಗರದ ಶಾಲೆಯಲ್ಲಿ ಗಣಿತವನ್ನೂ ಭೌತವಿಜ್ಞಾನವನ್ನೂ ಕಲಿಸುತ್ತ, ಶಾಲೆಯ ಉಪಕರಣಗಳಿಂದಲೇ ಪ್ರಯೋಗಗಳನ್ನು ನಡೆಯಿಸಿದನು. ೧೮೨೭ರಲ್ಲಿ ಆತನ ಗ್ರಂಥವು ಪ್ರಕಟವಾದಾಗ ಸ್ವದೇಶದ ಪಂಡಿತರು ಅದನ್ನು ಆದರಿಸಲಿಲ್ಲ. ೧೮೪೧ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಕೋಪ್ಲಿ ಪದಕವನ್ನಿತ್ತು ಗೌರವಿಸಿತು. ಇಂದು ಭೂಮಂಡಲದ ಯಾವ ಮೂಲೆಯಲ್ಲಿಯೇ ಆಗಲಿ ರೋಧವನ್ನು ಅಳೆಯುವವರು ಆ ಉಪಾಧ್ಯಾಯನ ಹೆಸರನ್ನು ಉಚ್ಚರಿಸದೆ ಅಳೆಯುವಂತಿಲ್ಲ.

ಆತನು ಕಂಡ ನಿಯಮವು ಇಷ್ಟು: ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮು ಬರುತ್ತದೆ. ಇದು ಭಾಗಾಕಾರ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟು ಬರುತ್ತದೆ. ಇದು ಗುಣಾಕಾರ. ಎರಡು ಅಂಕಿಗಳು ಕೈಗೆ ಸಿಕ್ಕಿದರೆ ಉಳಿದೆರಡು ತಾವಾಗಿಯೇ ದೊರೆಯುತ್ತವೆ. ಇಸ್ತ್ರಿ ಪೆಟ್ಟಿಗೆಯೊಂದನ್ನು ತೆಗೆದುಕೊಳ್ಳೋಣ. ಮನೆಯ ವಿದ್ಯುತ್ತು ೨೩೦ ವೋಲ್ಟು. ಪೆಟ್ಟಿಗೆಯು ಎಳೆದುಕೊಳ್ಳುವ ಪ್ರವಾಹವು ೪ ಆಂಪಿಯರೆಂದು ಮೀಟರು ತೋರಿಸಿತು. ೨೩೦ನ್ನು ೪ರಿಂದ ಭಾಗಿಸಿದರೆ ರೋಧವು ೫೭.೫ ಓಮು, ಗುಣಿಸಿದರೆ ಸಾಮರ್ಥ್ಯವು ೯೨೦ ವ್ಯಾಟು. ೧,೦೦೦ ವ್ಯಾಟು ಒಂದು ಗಂಟೆಯ ಕಾಲ ನಡೆದರೆ ಒಂದು ಯೂನಿಟ್ಟು ಎಂಬುದು ಬಿಲ್ಲಿನ ಲೆಕ್ಕ. ಹೀಗಿರಲು ಈ ಪೆಟ್ಟಿಗೆಯು ಎಡೆಬಿಡದೆ ಎರಡು ಗಂಟೆ ಕಾದರೆ ೧.೮೪ ಯೂನಿಟ್ಟು ಖರ್ಚಾಯಿತು. ಮೀಟರು ಓದುವವನು ಬರುವುದಕ್ಕೆ ಮೊದಲೇ ತಿಂಗಳ ಖರ್ಚನ್ನು ಅಂದಾಜು ಮಾಡುವುದು ಯಾರಿಗೆ ತಾನೇ ಅಸಾಧ್ಯ?

ಆಂಪಿಯರನ್ನು ಅಳೆಯುವ ಉಪಕರಣವು ನಮ್ಮಲ್ಲಿಲ್ಲವೆಂದರೆ ಚಿಂತೆಯಿಲ್ಲ. ಸಾಮಾನಿನ ಬೆನ್ನಿಗೆ ಅಂಟಿಸಿರುವ ತಗಡಿನ ಮೇಲೆ ವೋಲ್ಟೂ ವ್ಯಾಟೂ ಅಚ್ಚಾಗಿರುತ್ತವೆ. ನೀರು ಕಾಯಿಸುವ ಕಾಯಿಲಿನ ಮೇಲೆ ೨೩೦ ವೋಲ್ಟು, ೧,೫೦೦ ವ್ಯಾಟು ಎಂದಿದ್ದರೆ, ವ್ಯಾಟನ್ನು ವೋಲ್ಟಿನಿಂದ ಭಾಗಿಸಿ. ಪ್ರವಾಹವು ಸುಮಾರು ೬.೫ ಆಂಪಿಯರು. ವೋಲ್ಟನ್ನು ಅದರಿಂದ ಭಾಗಿಸಿ; ರೋಧವು ಸುಮಾರು ೩೫ ಓಮು. ಬೇಸಿಗೆಯ ಸಂಜೆ ವೋಲ್ಟು ೧೮೦ಕ್ಕೆ ಇಳಿಯಿತೆನ್ನಿ. ಕಾಯಿಲಿನ ರೋಧವು ಬಹುಮಟ್ಟಿಗೆ ಬದಲಾಗದು. ಆದರೆ ವೋಲ್ಟು ಇಳಿದಂತೆ ಪ್ರವಾಹವೂ ಇಳಿಯುವುದರಿಂದ ಸಾಮರ್ಥ್ಯಕ್ಕೆ ಎರಡು ಕಡೆಯಿಂದಲೂ ನಷ್ಟ ಬೀಳುತ್ತದೆ. ಲೆಕ್ಕ ಹಾಕಿದರೆ ಉಳಿಯುವುದು ಸುಮಾರು ೯೨೦ ವ್ಯಾಟು ಮಾತ್ರ. ವೋಲ್ಟು ಇಳಿದುದು ಐದರಲ್ಲೊಂದು ಪಾಲಿಗಿಂತ ತುಸು ಹೆಚ್ಚು. ಕಾವು ಇಳಿದುದು ಐದರಲ್ಲಿ ಹತ್ತಿರ ಹತ್ತಿರ ಎರಡು ಪಾಲು. ಸ್ನಾನದ ನೀರು ಏಕೆ ಕಾಯದು ಎಂದು ಕಾಯಿಲನ್ನು ಮಾರಿದ ಅಂಗಡಿಯವನ ಮೇಲೆ ಜಗಳಕ್ಕೆ ಹೋಗುವ ಮುನ್ನ ಈ ಲೆಕ್ಕವನ್ನು ಮಾಡುವುದು ಒಳ್ಳೆಯದು.

ಗುಣಾಕಾರಕ್ಕೆ ಇನ್ನೊಂದು ರೂಪವುಂಟು. ಅಪಾಯವೆಲ್ಲ ಅಡಗಿರುವುದು ಅದರಲ್ಲಿಯೇ. ಪ್ರವಾಹವನ್ನು ಅದೇ ಪ್ರವಾಹದಿಂದ ಗುಣಿಸಿ, ಬಂದುದನ್ನು ರೋಧದಿಂದ ಗುಣಿಸಿದರೆ, ಆ ರೋಧದಲ್ಲಿ ಕಾವಾಗಿ ಹೋಗುವ ವ್ಯಾಟುಗಳು ದೊರೆಯುತ್ತವೆ. ಇಂಗ್ಲೆಂಡಿನ ಜೌಲನು ೧೮೪೧ರಲ್ಲಿ ಇದನ್ನು ಪ್ರಯೋಗದಿಂದ ಸ್ಥಾಪಿಸಿದನು. ಪ್ರವಾಹವು ಇಮ್ಮಡಿಯಾದರೆ ಕಾವು ನಾಲ್ಮಡಿ. ಪ್ರವಾಹವು ಮುಮ್ಮಡಿಯಾದರೆ ಕಾವು ಒಂಬತ್ತು ಮಡಿ.

ಈ ಒಂದು ನಿಯಮವನ್ನು ಮನಗಂಡುದರಿಂದಲೇ ನಮ್ಮ ನಾಡು ವಿದ್ಯುತ್ತಿನ ಚರಿತ್ರೆಯಲ್ಲಿ ಹೆಸರನ್ನು ಪಡೆಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಶಿವನಸಮುದ್ರದ ವಿದ್ಯುದಾಗಾರವು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿತು. ದೂರವು ಸುಮಾರು ೯೨ ಮೈಲು. ಆ ಕಾಲಕ್ಕೆ ಅದು ಲೋಕದ ಅತ್ಯಂತ ದೀರ್ಘವಾದ ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದುದು ೧೯೦೫ರಲ್ಲಿ. ಅಷ್ಟು ದೂರಕ್ಕೆ ೩೦,೦೦೦ಕ್ಕೆ ಕಡಿಮೆಯಲ್ಲದ ವೋಲ್ಟುಗಳಲ್ಲಿ ವಿದ್ಯುತ್ತನ್ನು ಏಕೆ ಒಯ್ದರು? ಲೆಕ್ಕದ ಸೌಕರ್ಯಕ್ಕಾಗಿ ಎರಡೇ ತಂತಿಗಳ ಮಾರ್ಗವೆಂದೂ ಅದರ ರೋಧ ೧೦ ಓಮೆಂದೂ ಕಳುಹಿಸಬೇಕಾದುದು ೩೦ ಲಕ್ಷ ವ್ಯಾಟೆಂದೂ ಇಟ್ಟುಕೊಳ್ಳೋಣ. ೩೦,೦೦೦ ವೋಲ್ಟಿನಲ್ಲಿ ಕಳುಹಿಸಿದರೆ ಪ್ರವಾಹವು ೧೦೦ ಆಂಪಿಯರು. ದಾರಿಯಲ್ಲಿ ಕಾವಾಗಿ ಹೋಗುವುದು ನೂರರ ವರ್ಗ ಗುಣಿಲೆ ಹತ್ತು, ಎಂದರೆ ೧ ಲಕ್ಷ ವ್ಯಾಟು, ಮೂವತ್ತರಲ್ಲೊಂದು ಪಾಲು. ಅದನ್ನೇ ೩,೦೦೦ ವೋಲ್ಟಿನಲ್ಲಿ ಕಳುಹಿಸಲು ಹೊರಟರೆ ಪ್ರವಾಹವು ೧,೦೦೦ ಆಂಪಿಯರು. ದಾರಿಯ ನಷ್ಟವೇ ೧ ಕೋಟಿ ವ್ಯಾಟು. ಕಳುಹಿಸಿದುದಕ್ಕಿಂತ ಕಳೆದುದೇ ಹೆಚ್ಚು! ಅಂತಹ ಮಾರ್ಗವು ನಡೆಯಲಾರದೆಂಬುದು ಸ್ಪಷ್ಟ. ಪ್ರವಾಹವನ್ನು ಕಿರಿದು ಮಾಡಿ ವೋಲ್ಟನ್ನು ಹಿರಿದು ಮಾಡಿದ ವಿವೇಕದಿಂದಲೇ ಕಾವೇರಿಯ ಬಲವು ಗಣಿಯ ಆಳಕ್ಕೆ ತಲಪಿತು.

ಗಣಿಗೆ ಹೋದ ತಂತಿಗೆ ಯಾವ ನಿಯಮವೋ ಬಾಡಿಗೆ ಕೋಣೆಯ ತಂತಿಗೂ ಅದೇ ನಿಯಮ. ಎಕ್ಸ್‌ಟೆನ್ಷನ್ ಬೋರ್ಡಿನ ಬಳ್ಳಿಯೊಳಗಿನ ತಾಮ್ರದ ಗಾತ್ರವು ಮುಕ್ಕಾಲು ಚದರ ಮಿಲಿಮೀಟರು, ಉದ್ದ ೫ ಮೀಟರು ಎಂದಿಟ್ಟುಕೊಳ್ಳೋಣ. ಪ್ರವಾಹವು ಹೋಗಿ ಹಿಂದಿರುಗಬೇಕಾದುದರಿಂದ ತಾಮ್ರದ ಹಾದಿ ೧೦ ಮೀಟರು. ಅದರ ರೋಧವು ಸುಮಾರು ೦.೨೩ ಓಮು. ಆ ಬೋರ್ಡನ್ನು ೬ ಆಂಪಿಯರಿಗೆಂದು ಮಾಡಿದ್ದಾರೆ. ೬ ಆಂಪಿಯರು ಹರಿದಾಗ ಬಳ್ಳಿಯಲ್ಲಿ ಹುಟ್ಟುವ ಕಾವು ಸುಮಾರು ೮ ವ್ಯಾಟು. ಅದು ಉದ್ದಕ್ಕೂ ಹರಡಿ ಗಾಳಿಗೆ ಹೋಗಿಬಿಡುತ್ತದೆ. ಈಗ ೧,೫೦೦ ವ್ಯಾಟಿನ ಕಾಯಿಲನ್ನೂ ೨,೦೦೦ ವ್ಯಾಟಿನ ವಿದ್ಯುತ್ ಒಲೆಯನ್ನೂ ಒಟ್ಟಿಗೆ ಅದಕ್ಕೆ ಸಿಕ್ಕಿಸಿದರು. ೩,೫೦೦ನ್ನು ೨೩೦ರಿಂದ ಭಾಗಿಸಿ. ಪ್ರವಾಹವು ೧೫ ಆಂಪಿಯರಿಗೂ ಮೀರಿತು. ಪ್ರವಾಹವು ಎರಡೂವರೆ ಪಟ್ಟಾಯಿತು. ಕಾವು ಆರು ಪಟ್ಟಿಗೂ ಹೆಚ್ಚಾಗಿ ೫೩ ವ್ಯಾಟಿಗೆ ಏರಿತು. ಬಳ್ಳಿಯನ್ನು ಸುರುಳಿ ಸುತ್ತಿ ಹಾಸಿಗೆಯ ಕೆಳಗೆ ತುರುಕಿದ್ದರೆ ಆ ಕಾವು ಎಲ್ಲಿಗೆ ಹೋಗಬೇಕು?

ಇದಕ್ಕಿಂತಲೂ ಮೋಸಗಾರ ವಸ್ತುವೆಂದರೆ ಸಡಿಲವಾದ ಜೋಡಣೆ. ಸಾಕೆಟ್ಟಿನ ತಿರುಪು ಸಡಿಲವಾಗಿ ಅಲ್ಲಿ ೦.೨ ಓಮಿನಷ್ಟು ರೋಧವು ಹುಟ್ಟಿತೆನ್ನಿ. ಹದಿನೈದರ ವರ್ಗ ೨೨೫, ಅದನ್ನು ೦.೨ರಿಂದ ಗುಣಿಸಿದರೆ ೪೫ ವ್ಯಾಟು. ಎಲೆಕ್ಟ್ರಾನಿಕ್ಸ್ ಕೆಲಸಗಾರರು ಸೀಸದ ಬೆಸುಗೆಯನ್ನು ಕರಗಿಸಲು ಹಿಡಿಯುವ ಸಣ್ಣ ಕಾವುಕಡ್ಡಿಗೆ ೨೫ ವ್ಯಾಟು ಸಾಕು. ಅದರ ಇಮ್ಮಡಿಗೆ ಸಮೀಪವಾದ ಕಾವು ಬಟಾಣಿ ಕಾಳಿನಷ್ಟು ಜಾಗದಲ್ಲಿ, ಪ್ಲಾಸ್ಟಿಕ್ಕಿನ ಒಳಗೆ, ಯಾರ ಕಣ್ಣಿಗೂ ಬೀಳದೆ ಉರಿಯುತ್ತಿದೆ! ಸಾಕೆಟ್ಟು ಕಂದುಬಣ್ಣಕ್ಕೆ ತಿರುಗುವುದು, ಸುಟ್ಟ ವಾಸನೆ ಬರುವುದು, ಪ್ಲಗ್ಗು ಮುಟ್ಟಿದರೆ ಬಿಸಿಯಾಗಿರುವುದು, ಇವು ಮನೆಗೆ ಬೆಂಕಿ ಬೀಳುವ ಮುನ್ನ ಬರುವ ನೋಟೀಸುಗಳು. ಹಾಸಿಗೆಯಿದ್ದಷ್ಟು ಕಾಲು ಚಾಚೆಂದು ನಮ್ಮ ಹಿರಿಯರು ಹೇಳಿದುದನ್ನು ತಂತಿಗೂ ಅನ್ವಯಿಸಿಕೊಳ್ಳಬೇಕು. ಕಾವಿನ ಸಾಮಾನುಗಳಿಗೆ ದೊಡ್ಡ ಗುಂಡಿಗಳ ೧೬ ಆಂಪಿಯರಿನ ಸಾಕೆಟ್ಟೇ ಬೇಕು, ಅದಕ್ಕೆ ತಕ್ಕ ದಪ್ಪ ತಂತಿಯೇ ಬೇಕು, ಒಂದಕ್ಕೆ ಒಂದೇ ಸಾಮಾನು.

ಫ್ಯೂಸು ಹೋದಾಗ ಅದರ ಸ್ಥಾನದಲ್ಲಿ ಕೈಗೆ ಸಿಕ್ಕಿದ ದಪ್ಪ ತಂತಿಯನ್ನು ಕಟ್ಟಿ ಕೆಲಸ ಮುಂದುವರಿಸುವ ಪದ್ಧತಿಯೊಂದಿದೆ. ಇದು ಕೂಗಿದ ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದಂತೆ. ಫ್ಯೂಸು ಕರಗಿದುದು ತನ್ನ ಕರ್ತವ್ಯವನ್ನು ಮಾಡಿದುದರ ಗುರುತು. ಅದು ಕರಗದಿದ್ದರೆ ಗೋಡೆಯೊಳಗಿನ ತಂತಿಯು ಕರಗುತ್ತಿತ್ತು.

ಮನುಷ್ಯನ ಮೈಯೂ ಒಂದು ರೋಧವೇ ಎಂಬುದನ್ನು ಮರೆಯಲಾಗದು. ಒಣಗಿದ ಚರ್ಮದ ರೋಧವು ಹಲವು ಸಾವಿರ ಓಮುಗಳಿರಬಹುದು. ನೆನೆದ ಮೈಯಲ್ಲಿ ಅದು ೧,೦೦೦ ಓಮಿನ ಸುಮಾರಿಗೆ ಇಳಿಯುತ್ತದೆ. ಬಚ್ಚಲಲ್ಲಿ ನೆನೆದ ಕೈಯಿಂದ ಕೆಟ್ಟ ಕಾಯಿಲನ್ನು ಮುಟ್ಟಿದವನಲ್ಲಿ ಹರಿಯುವ ಪ್ರವಾಹವು ೨೩೦ನ್ನು ೧,೦೦೦ದಿಂದ ಭಾಗಿಸಿದಷ್ಟು, ಎಂದರೆ ೦.೨೩ ಆಂಪಿಯರು. ಹೃದಯದ ಬಡಿತವನ್ನು ಕೆಡಿಸಲು ಇದರಲ್ಲಿ ಸ್ವಲ್ಪ ಪಾಲೇ ಸಾಕು. ೧೬ ಆಂಪಿಯರಿಗೆಂದು ಕೂಡಿಸಿದ ಎಂ.ಸಿ.ಬಿ.ಗೆ ಕಾಲು ಆಂಪಿಯರಿಗೂ ಕಡಿಮೆಯಾದ ಈ ಪ್ರವಾಹವು ಗೊತ್ತೇ ಆಗದು. ಅದು ತಂತಿಯನ್ನು ಕಾಯುವ ಭಟ, ಮನುಷ್ಯನನ್ನು ಕಾಯುವುದಲ್ಲ. ಮನುಷ್ಯನನ್ನು ಕಾಯಲು ಆರ್.ಸಿ.ಸಿ.ಬಿ. ಎಂಬ ಬೇರೆ ಸಾಧನವಿದೆ. ಹೋದ ಪ್ರವಾಹಕ್ಕೂ ಹಿಂದಿರುಗಿದ ಪ್ರವಾಹಕ್ಕೂ ೩೦ ಮಿಲಿಆಂಪಿಯರಿನಷ್ಟು, ಎಂದರೆ ೦.೦೩ ಆಂಪಿಯರಿನಷ್ಟು, ವ್ಯತ್ಯಾಸ ಕಂಡೊಡನೆ ಅದು ವಿದ್ಯುತ್ತನ್ನು ಕಡಿದುಬಿಡುವುದು. ಇದನ್ನು ಹಾಕಿಸಿಕೊಡಿರೆಂದು ಮನೆಯ ಯಜಮಾನನನ್ನು ಕೇಳುವುದಕ್ಕೆ ಬಾಡಿಗೆದಾರನು ಸಂಕೋಚಪಡಬೇಕಾದುದಿಲ್ಲ. ಕೇಳುವುದಕ್ಕೆ ಧೈರ್ಯ ಬರುವುದು ಲೆಕ್ಕ ಗೊತ್ತಿದ್ದಾಗ.

ಇನ್ನು ಕಾರ್ಖಾನೆಯ ಮಿತ್ರರಿಗೆ ಒಂದು ಎಚ್ಚರಿಕೆಯ ಮಾತು. ನಾವು ಹೇಳಿದ ಭಾಗಾಕಾರವು ಕಾಯಿಲು, ಇಸ್ತ್ರಿಗಳಂತಹ ಕಾವಿನ ಸಾಮಾನುಗಳಿಗೆ ಸರಿಯಾಗಿ ಹೊಂದುತ್ತದೆ. ಹಳೆಯ ತಂತಿಯ ಬಲ್ಬಿಗೂ ಹೊಂದುತ್ತದೆ, ಆದರೆ ಉರಿಯುವಾಗ ಮಾತ್ರ: ೬೦ ವ್ಯಾಟಿನ ಬಲ್ಬು ಉರಿಯುವಾಗ ಅದರ ರೋಧವು ಸುಮಾರು ೮೮೦ ಓಮು, ತಣ್ಣಗಿರುವಾಗ ಮೀಟರಿನಿಂದ ಅಳೆದರೆ ಅದು ಹತ್ತರಲ್ಲೊಂದು ಪಾಲಿನ ಆಸುಪಾಸಿಗೆ ಇಳಿದಿರುತ್ತದೆ. ಕಾದ ಲೋಹಕ್ಕೆ ರೋಧ ಹೆಚ್ಚು. ಮೋಟಾರಿನಲ್ಲಂತೂ ವೋಲ್ಟನ್ನು ಆಂಪಿಯರಿನಿಂದ ಭಾಗಿಸಿ ಬಂದುದು ಸುರುಳಿಯ ತಾಮ್ರದ ರೋಧವೆಂದು ತಿಳಿಯಲಾಗದು. ಪರ್ಯಾಯ ಪ್ರವಾಹಕ್ಕೆ ಸುರುಳಿಯ ಕಾಂತಬಲವೂ ತಿರುಗುವ ಯಂತ್ರವೂ ಬೇರೊಂದು ತಡೆಯನ್ನು ಒಡ್ಡುತ್ತವೆ. ಆದಕಾರಣ ಮೋಟಾರಿನ ಗುಣಾಕಾರಕ್ಕೆ ಪವರ್ ಫ್ಯಾಕ್ಟರು, ದಕ್ಷತೆ ಎಂಬ ಎರಡು ಅಂಕಿಗಳು ಸೇರುತ್ತವೆ. ಒಂದು ಅಶ್ವಶಕ್ತಿಗೆ ೭೪೬ ವ್ಯಾಟು. ೫ ಅಶ್ವಶಕ್ತಿಯೆಂದರೆ ೩,೭೩೦. ಮೂರು ಫೇಸಿನ ೪೧೫ ವೋಲ್ಟಿನಲ್ಲಿ, ಪವರ್ ಫ್ಯಾಕ್ಟರು ೦.೮, ದಕ್ಷತೆ ೦.೮೫ ಇದ್ದರೆ, ಒಂದೊಂದು ತಂತಿಯಲ್ಲಿ ಸುಮಾರು ೭.೬ ಆಂಪಿಯರು ಹರಿಯಬೇಕು. ಇದನ್ನು ಕಾಗದದ ಮೇಲೆ ಬರೆದು ಯಂತ್ರದ ಬಳಿ ಅಂಟಿಸಿದ್ದರೆ, ಆಂಪಿಯರು ಮುಳ್ಳು ಅದನ್ನು ಮೀರಿದೊಡನೆ ಯಂತ್ರಕ್ಕೆ ಏನೋ ಕಷ್ಟ ಬಂದಿದೆಯೆಂದು ತಿಳಿಯುವುದು.

ಕಾಯಿಲಿಗೂ ಮೋಟಾರಿಗೂ ಇರುವ ಇನ್ನೊಂದು ಭೇದವು ಬಹು ಮುಖ್ಯವಾದುದು. ವೋಲ್ಟು ಇಳಿದರೆ ಕಾಯಿಲು ಕಡಿಮೆ ಪ್ರವಾಹವನ್ನು ಎಳೆಯುತ್ತದೆ. ಹೊರೆ ಹೊತ್ತ ಮೋಟಾರಾದರೋ ಅದೇ ಕೆಲಸವನ್ನು ಮಾಡಲೇಬೇಕಾದುದರಿಂದ ಹೆಚ್ಚು ಪ್ರವಾಹವನ್ನು ಎಳೆಯುತ್ತದೆ. ೪೧೫ ವೋಲ್ಟು ೩೬೦ಕ್ಕೆ ಇಳಿದರೆ ಪ್ರವಾಹವು ಏಳರಲ್ಲೊಂದು ಪಾಲಿನಷ್ಟು ಏರಬಹುದು. ವರ್ಗದ ನಿಯಮದಂತೆ ಸುರುಳಿಯ ಕಾವು ಮೂರರಲ್ಲೊಂದು ಪಾಲು ಏರುತ್ತದೆ. ಸಣ್ಣ ಕಾರ್ಖಾನೆಯವನ ಮೋಟಾರು ಸುಟ್ಟು ವೈಂಡಿಂಗಿಗೆ ಹೋದರೆ ಅವನ ದುಡಿಮೆಯೂ ನಿಲ್ಲುತ್ತದೆ, ಕೂಲಿಯವನ ದಿನಗೂಲಿಯೂ ನಿಲ್ಲುತ್ತದೆ. ಎರಡು ಅಂಕಿಗಳನ್ನು ಓದಿ ಸಕಾಲದಲ್ಲಿ ಗುಂಡಿಯನ್ನೊತ್ತಿ ನಿಲ್ಲಿಸುವ ಕೆಲಸಗಾರನು ಇಬ್ಬರ ಅನ್ನವನ್ನೂ ಉಳಿಸಿದವನು.

ಇಷ್ಟು ಸಣ್ಣ ಲೆಕ್ಕದಿಂದ ದೊಡ್ಡ ಕೆಲಸ ನಡೆದೀತೇ ಎನ್ನುವವರಿಗೆ ಈ ಪೀಣ್ಯದ್ದೇ ಒಂದು ನಿದರ್ಶನವನ್ನು ಹೇಳುತ್ತೇವೆ. ಭಾರತದ ಮೊದಲನೆಯ ಉಪಗ್ರಹವಾದ ಆರ್ಯಭಟವು ರೂಪುಗೊಂಡುದು ಇಲ್ಲಿಯ ಕೈಗಾರಿಕಾ ಷೆಡ್ಡುಗಳಲ್ಲಿ. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರು ಆ ತಂಡದ ಮುಂದಾಳುಗಳು. ೧೯೭೫ರ ಏಪ್ರಿಲ್ ೧೯ರಂದು ಅದು ರಷ್ಯದ ನೆಲದಿಂದ ಆಕಾಶಕ್ಕೇರಿತು. ಸೂರ್ಯನ ಬೆಳಕಿನಿಂದ ಆ ಯಂತ್ರಕ್ಕೆ ದೊರೆಯುತ್ತಿದ್ದ ಸಾಮರ್ಥ್ಯವು ೪೬ ವ್ಯಾಟು. ನಮ್ಮ ಹಳೆಯ ೪೦ ವ್ಯಾಟಿನ ಬಲ್ಬಿಗಿಂತ ತುಸು ಹೆಚ್ಚು, ಅಷ್ಟೇ. ಆ ೪೬ ವ್ಯಾಟನ್ನು ಉಪಗ್ರಹದ ಒಂದೊಂದು ಅಂಗಕ್ಕೂ, ಕೃಪಣನು ಕಾಸನ್ನು ಎಣಿಸುವಂತೆ, ಎಣಿಸಿ ಹಂಚಬೇಕಾಗಿತ್ತು. ವಿದ್ಯುತ್ ಪೂರೈಕೆಯಲ್ಲಿ ದೋಷವುಂಟಾಗಿ ಕೆಲವೇ ದಿನಗಳಲ್ಲಿ ಅದರ ವಿಜ್ಞಾನ ಪ್ರಯೋಗಗಳು ನಿಂತುಹೋದುವು; ಆದರೂ ಉಪಗ್ರಹವನ್ನು ಕಟ್ಟುವ ವಿದ್ಯೆಯು ನಮ್ಮವರ ಕೈಗೆ ಬಂದಿತು. ವ್ಯಾಟಿನ ಲೆಕ್ಕವು ಆಕಾಶದಲ್ಲಿಯೂ ಎಷ್ಟು ನಿಷ್ಠುರವೆಂಬುದಕ್ಕೆ ಇದೇ ಸಾಕ್ಷಿ.

ಪೀಣ್ಯವು ನಗರದ ಒಂದು ಮಗ್ಗುಲಾದರೆ, ಕಿಯೋನಿಕ್ಸ್ ಸಂಸ್ಥೆಯು ೧೯೭೦ರ ದಶಕದಲ್ಲಿ ೩೩೨ ಎಕರೆಗಳಲ್ಲಿ ನೆಲೆಗೊಳಿಸಿದ ಎಲೆಕ್ಟ್ರಾನಿಕ್ ಸಿಟಿಯೂ, ಮೂಡಲಿನ ವೈಟ್‌ಫೀಲ್ಡೂ ಇನ್ನೆರಡು ಮಗ್ಗುಲುಗಳು. ಅಲ್ಲಿಯವರು ಗಣಕಯಂತ್ರವನ್ನು ಹೆಗಲಿಗೇರಿಸಿಕೊಂಡು ಓಡಾಡುವವರು. ಅದರ ಚಾರ್ಜರಿನ ಬೆನ್ನನ್ನು ತಿರುಗಿಸಿ ನೋಡಿದರೆ ೧೯.೫ ವೋಲ್ಟು, ೩.೩೩ ಆಂಪಿಯರು ಎಂದು ಬರೆದಿರಬಹುದು. ಗುಣಿಸಿ; ೬೫ ವ್ಯಾಟು. ೫ ವೋಲ್ಟು, ೨ ಆಂಪಿಯರಿನ ದೂರವಾಣಿಯ ಚಾರ್ಜರಿಗೆ ಕಾಲು ಓಮು ರೋಧದ ಕಳಪೆ ಬಳ್ಳಿಯನ್ನು ಹಾಕಿದರೆ ದಾರಿಯಲ್ಲಿಯೇ ಅರ್ಧ ವೋಲ್ಟು, ಹತ್ತರಲ್ಲೊಂದು ಪಾಲು, ಕಳೆದುಹೋಗುತ್ತದೆ. ಕೋಟಿಗಟ್ಟಲೆಯ ವ್ಯವಹಾರ ನಡೆಯಿಸುವ ಮಹಡಿಗಳಿಗೂ ಕೂಲಿಯವನ ಕೋಣೆಗೂ ನಿಯಮವು ಒಂದೇ.

ಕಡೆಯದಾಗಿ ಉಪಾಧ್ಯಾಯ ಮಿತ್ರರಲ್ಲಿ ಒಂದು ಅರಿಕೆ. ಇಂತಹ ಶಾಸ್ತ್ರವನ್ನು ಕನ್ನಡದಲ್ಲಿ ಹೇಳಲಾಗದೆಂಬ ಮಾತು ಬಹಳ ಹಳೆಯದು. ಅದಕ್ಕೆ ಉತ್ತರವೂ ಹಳೆಯದೇ. ೧೯೧೮ರ ಸುಮಾರಿನಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಬೆಂಗಳೂರಿನಲ್ಲಿ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ನಡೆಯಿಸಿ ತೋರಿಸಿದರು. ಇಂದಿನ ಹತ್ತನೆಯ ತರಗತಿಯ ಬಾಲಕನು ರೋಧ, ಪ್ರವಾಹ, ವಿಭವಾಂತರಗಳನ್ನು ಕನ್ನಡದಲ್ಲಿಯೇ ಕಲಿಯುತ್ತಾನೆ, ಪರೀಕ್ಷೆಯಲ್ಲಿ ಬರೆಯುತ್ತಾನೆ. ಬರೆದ ಮೇಲೆ ಮರೆಯುತ್ತಾನೆ. ಪುಸ್ತಕದ ಲೆಕ್ಕವು ಮನೆಯ ಗೋಡೆಯ ಸಾಕೆಟ್ಟಿನವರೆಗೆ ಬಾರದಿದ್ದರೆ ಆ ಕಲಿಕೆಯಿಂದ ಯಾರಿಗೇನು ಪ್ರಯೋಜನ?

ಆದಕಾರಣ ತಾವು ಒಂದು ಕೆಲಸವನ್ನು ಮಾಡಿಸಿರಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಹಾಳೆಯಲ್ಲಿ ತನ್ನ ಮನೆಯ ಸಾಮಾನುಗಳ ಹೆಸರನ್ನೂ ತಗಡಿನ ಮೇಲಿರುವ ವೋಲ್ಟು, ವ್ಯಾಟುಗಳನ್ನೂ ಬರೆದು ತರಲಿ; ತಗಡನ್ನು ಓದುವ ಮುನ್ನ ಪ್ಲಗ್ಗನ್ನು ಕಿತ್ತಿಡಲಿ. ತರಗತಿಯಲ್ಲಿ ಭಾಗಿಸಿ ಆಂಪಿಯರನ್ನು ಕಂಡುಹಿಡಿಯಲಿ. ಯಾವ ಸಾಕೆಟ್ಟಿನ ಮೇಲೆ ಎಷ್ಟು ಹೊರೆ ಬಿದ್ದಿದೆಯೆಂಬುದನ್ನು ಕೂಡಿ ಬರೆಯಲಿ. ಆರನ್ನು ಮೀರಿದ ಕಡೆ ಕೆಂಪು ಗೆರೆ ಎಳೆದು, ಆ ಹಾಳೆಯನ್ನು ಮನೆಗೆ ಒಯ್ದು ತಂದೆತಾಯಿಗಳಿಗೆ ಓದಿ ಹೇಳಲಿ. ಕಾರ್ಖಾನೆಗಳ ಮಾಲೀಕರೂ ತಮ್ಮ ಸ್ವಿಚ್ ಬೋರ್ಡುಗಳ ಮೇಲೆ ಇಷ್ಟು ಆಂಪಿಯರಿಗೆ ಮೀರಕೂಡದೆಂದು ಕನ್ನಡದಲ್ಲಿ ದಪ್ಪಕ್ಷರಗಳಿಂದ ಬರೆಯಿಸಲಿ. ಇದಕ್ಕೆ ಬೇಕಾಗುವ ಖರ್ಚು ಒಂದು ಹಾಳೆ, ಒಂದು ಸೀಸದ ಕಡ್ಡಿ, ಅರ್ಧ ಗಂಟೆಯ ಹೊತ್ತು. ಬರುವ ಸೋಮವಾರದಿಂದಲೇ ಆರಂಭಿಸಬಹುದು.